ನಿದ್ದೆಗೆಟ್ಟ ಮರಗಳು

ಒಂದು ಮರ ದಿನಕ್ಕೆ ಎಷ್ಟು ನೀರೆಳೆಯುತ್ತದೆ ಎಂದು ಅಳೆಯಬಹುದು ಎಂದಾಯಿತು. ಅಳೆಯಬಹುದು ಎಂದಾದ ಮೇಲೆ ಮಾರಬಹುದು ಎಂದಾಗಲು ಬಹಳ ಕಾಲ ಹಿಡಿಯಲಿಲ್ಲ.

ಉಪಾಯ ಸರಳವಾಗಿತ್ತು. ಮರದ ಕಾಂಡಕ್ಕೆ ಎರಡು ಸೂಜಿ ಚುಚ್ಚುವುದು, ಒಂದರ ಮೇಲೊಂದು, ಎರಡು ಬೆರಳಿನ ಅಂತರದಲ್ಲಿ. ಕೆಳಗಿನ ಸೂಜಿ ಆಗಾಗ ಒಂದು ಕ್ಷಣ ಬಿಸಿಯಾಗುತ್ತದೆ. ಮೇಲೇರುವ ನೀರು ಆ ಬಿಸಿಯನ್ನು ಹೊತ್ತೊಯ್ದು ಮೇಲಿನ ಸೂಜಿಗೆ ಮುಟ್ಟಿಸುತ್ತದೆ. ಬೇಗ ಮುಟ್ಟಿದರೆ ಮರ ಚುರುಕಾಗಿದೆ, ತಡವಾದರೆ ಸೊರಗಿದೆ. ಇಪ್ಪತ್ತನಾಲ್ಕು ಗಂಟೆಯ ಓಟವನ್ನು ಕೂಡಿಸಿ ನೂರಕ್ಕೆ ಇಷ್ಟು ಎಂದು ಕೊಟ್ಟರೆ ಅದೇ ಆ ಮರದ ಚೈತನ್ಯಾಂಕ. ಬೆಟ್ಟದ ಅಂಕ ಏರಿದಷ್ಟೂ ಬಯಲಿನ ಕಾರ್ಖಾನೆಗಳಿಗೆ ಹೊಗೆ ಬಿಡುವ ಪರವಾನಗಿ ಹೆಚ್ಚುತ್ತದೆ. ಹೊಗೆ ಅವರದು, ಉಸಿರು ಬೆಟ್ಟದ್ದು. ನಡುವೆ ನಿಂತು ಕೊಟ್ಟು ತೆಗೆದುಕೊಳ್ಳುವ ಕಂಪನಿಯ ಹೆಸರು ಪ್ರಾಣಧಾರೆ.

ಹೊನ್ನೆಕಲ್ಲು ಬೆಟ್ಟದ ಬುಡದಲ್ಲಿ ಆ ಕಂಪನಿಯ ಗಾಜಿನ ಕಟ್ಟಡ. ಅಲ್ಲಿನ ನಿಯಂತ್ರಣ ಕೊಠಡಿಯಲ್ಲಿ ಮಸಣಿಗೆ ಕೆಲಸ. ಬೆಟ್ಟದ ಮೂಲನಿವಾಸಿ ಸೋಲಿಗರಲ್ಲಿ ಆ ಕೊಠಡಿಯ ಬಾಗಿಲನ್ನು ಪೊರಕೆ ಹಿಡಿಯದೆ ದಾಟಿದವಳು ಅವಳೊಬ್ಬಳೇ. ಆಶ್ರಮ ಶಾಲೆಯಲ್ಲಿ ಓದಿ, ಕೊಳ್ಳೇಗಾಲದಲ್ಲಿ ಡಿಪ್ಲೊಮಾ ಮುಗಿಸಿ, ಎಂಟು ವರ್ಷದಿಂದ ಗೋಡೆಯಗಲದ ಪರದೆಯ ಮುಂದೆ ಕೂತಿದ್ದಳು. ಪರದೆಯ ಮೇಲೆ ಬೆಟ್ಟದ ನಕ್ಷೆ. ಸೂಜಿ ಚುಚ್ಚಿಸಿಕೊಂಡ ಒಂದೊಂದು ನೆಲ್ಲಿಮರವೂ ಅದರಲ್ಲಿ ಒಂದು ಚುಕ್ಕೆ. ಅಂಕ ಮೇಲಿದ್ದರೆ ಹಸಿರು, ಕೆಳಗಿದ್ದರೆ ಕೆಂಪು. ಎಲ್ಲ ಮರಗಳಿಗೂ ಸೂಜಿ ಹಾಕುವುದು ಆಗದ ಮಾತು. ಬೆಟ್ಟದ ಎರಡೂ ಮಗ್ಗುಲಲ್ಲಿ ಸಮನಾಗಿ ಸಿಗುವ ಮರ ಎಂದು ನೆಲ್ಲಿಯನ್ನು ಆರಿಸಿದ್ದರು.

ಮೂಡಲ ಮಗ್ಗುಲು ಹಸಿರಾಗಿತ್ತು. ಅಲ್ಲಿ ಜನರಿರಲಿಲ್ಲ. ಹದಿನೆಂಟು ವರ್ಷದ ಹಿಂದೆ ಜೇನುಬಾರೆ ಪೋಡಿನ ಅರವತ್ತು ಮನೆಗಳನ್ನು ಕಾಡು ಉಳಿಸುವ ಹೆಸರಿನಲ್ಲಿ ಲಾರಿಗೆ ತುಂಬಿ ಬಯಲಿಗೆ ಇಳಿಸಿದ್ದರು. ಪೋಡು ಅಂದರೆ ಸೋಲಿಗರ ಊರು. ಮಸಣಿ ಹುಟ್ಟಿದ್ದು ಅದೇ ಪೋಡಿನಲ್ಲಿ. ಲಾರಿ ಹತ್ತಿದಾಗ ಅವಳಿಗೆ ಹದಿನಾಲ್ಕು. ಅವತ್ತಿನಿಂದ ಅವಳೂ ಅವಳವ್ವ ರಂಗಿಯೂ ಬಯಲಿನ ತಗಡಿನ ಕಾಲೊನಿಯಲ್ಲಿದ್ದರು. ಹಾಗೆ ಇಳಿದುಬಂದವರು ಮತ್ತೆ ಆ ಮಗ್ಗುಲಿಗೆ ಕಾಲಿಡಕೂಡದು ಎಂದು ಕಾನೂನಾಗಿತ್ತು. ಸೂಜಿ ಚುಚ್ಚುವಾಗಲೂ ಮಸಣಿಯನ್ನು ಪಡುವಣ ಮಗ್ಗುಲಿಗೆ ಮಾತ್ರ ಬಿಟ್ಟಿದ್ದರು. ಮೂಡಲಿಗೆ ಹೊರಗಿನ ತಂಡ ಬಂದು ಹೋಗಿತ್ತು.

ಪಡುವಣ ಮಗ್ಗುಲು ಕೆಂಪಾಗಿತ್ತು. ಅಲ್ಲಿ ನೇರಳೆಕಾನೆ ಪೋಡು, ನಲವತ್ತೊಂದು ಮನೆ. ಮಸಣಿಯ ಸೋದರತ್ತೆ ಕುಂಬಮ್ಮ ಅಲ್ಲಿಯ ಹಿರಿಯಳು.

ಡಿಸೆಂಬರ್ ಮೊದಲ ವಾರ ವ್ಯವಸ್ಥಾಪಕ ಪ್ರಹ್ಲಾದ ಮಸಣಿಯ ಮೇಜಿನ ಅಂಚಿಗೆ ಕೂತು ಕಾಫಿ ಕುಡಿಯುತ್ತ ಹೇಳಿದ: "ಗುರುವಾರ ವಿಚಾರಣಾ ಸಮಿತಿ ಬರುತ್ತೆ. ಎರಡೇ ಗೆರೆ ಸಾಕು. ಜನ ಇಲ್ಲದ ಕಡೆ ಏರೋ ಗೆರೆ, ಜನ ಇರೋ ಕಡೆ ಇಳಿಯೋ ಗೆರೆ. ನೇರಳೆಕಾನೆ ತೆರವು ಆದೇಶಕ್ಕೆ ಸಹಿ ಬೀಳುತ್ತೆ. ನೀನೇ ವರದಿ ಮಾಡು. ನಿಮ್ಮವರೇ ಮಾಡಿದ್ದು ಅಂದ್ರೆ ಅದಕ್ಕೊಂದು ತೂಕ."

"ನಮ್ಮತ್ತೆ ಇರೋ ಪೋಡು ಸಾರ್ ಅದು."

"ಹಾಗಾಗಿ ಇನ್ನೂ ಪ್ರಾಮಾಣಿಕವಾಗಿರುತ್ತೆ," ಎಂದು ನಕ್ಕ. ಅವನು ಕೆಟ್ಟವನಲ್ಲ, ಹುಟ್ಟುಹಬ್ಬಕ್ಕೆ ಎಲ್ಲರಿಗೂ ಕೇಕು ತರುವವನು. ಲಾರಿ ತರಿಸುವವರು ಬಹಳ ಸಲ ಹೀಗೆಯೇ ಇರುತ್ತಾರೆ.

ಮಸಣಿ ವರದಿಗೆ ಕೂತಳು. ಗೆರೆಗಳು ಅವನು ಹೇಳಿದ ಹಾಗೆಯೇ ಬಂದವು. ಯಂತ್ರ ಸುಳ್ಳು ಹೇಳುತ್ತಿರಲಿಲ್ಲ, ಪಡುವಣದ ಮರಗಳು ನಿಜಕ್ಕೂ ಕಡಿಮೆ ನೀರೆಳೆಯುತ್ತಿದ್ದವು. ನಾವು ಇರುವುದೇ ಮರಕ್ಕೆ ಭಾರವೇ? ಸೌದೆ ಆರಿಸುವುದು, ಕಾಯಿ ಕೀಳುವುದು, ಗೆಣಸು ಅಗೆಯುವುದು, ಇದೆಲ್ಲ ನೆಲ್ಲಿಮರದ ಜೀವ ಹೀರಿತೇ? ಹದಿನೆಂಟು ವರ್ಷ ಬಯಲಿನವರು ಹೇಳಿದ್ದನ್ನು ಒಮ್ಮೆಯೂ ನಂಬದಿದ್ದವಳಿಗೆ ಅವತ್ತು ಅರೆಗಳಿಗೆ ಅನುಮಾನ ಬಂತು. ಬಂದದ್ದಕ್ಕೆ ತನ್ನ ಮೇಲೆಯೇ ಸಿಟ್ಟು ಬಂತು.

ಆ ಸಿಟ್ಟಿನಲ್ಲೇ ಅವಳು ಯಾರೂ ಮಾಡದಿದ್ದ ಒಂದು ಕೆಲಸ ಮಾಡಿದಳು. ದಿನದ ಮೊತ್ತವನ್ನು ಬಿಚ್ಚಿ ಗಂಟೆಗಂಟೆಯ ಓಟವನ್ನು ಪರದೆಗೆ ತಂದಳು.

ಪಡುವಣದ ನೆಲ್ಲಿಗಳು ಬೆಳಿಗ್ಗೆ ಬಿಸಿಲಿಗೆ ಚುರುಕಾಗಿ, ಮಧ್ಯಾಹ್ನ ಜೋರಾಗಿ ನೀರೆಳೆದು, ಸೂರ್ಯ ಮುಳುಗಿದ ಮೇಲೆ ತೆಪ್ಪಗಾಗುತ್ತಿದ್ದವು. ಮರುದಿನ ಬೆಳಕಾಗುವವರೆಗೆ ಗೆರೆ ನೆಲಕ್ಕಂಟಿ ಮಲಗಿತ್ತು. ಮೂಡಲದವು ಹಾಗಲ್ಲ. ಹಗಲು ಎಳೆಯುತ್ತಿದ್ದವು, ರಾತ್ರಿಯೂ ಎಳೆಯುತ್ತಿದ್ದವು. ಎಂಟು ವರ್ಷದಲ್ಲಿ ಒಂದು ದಿನವೂ ಬಿಡುವಿಲ್ಲ. ಅವಕ್ಕೆ ಹೆಚ್ಚಿನ ಅಂಕ ಸಿಕ್ಕಿದ್ದೇ ಆ ರಾತ್ರಿಪಾಳಿಯಿಂದ.

ಭಾನುವಾರ ಬೆಳಿಗ್ಗೆಯೇ ಅವಳು ನೇರಳೆಕಾನೆಗೆ ಹತ್ತಿದಳು. ಕುಂಬಮ್ಮ ಮನೆಯಲ್ಲಿರಲಿಲ್ಲ. ಹಳ್ಳದ ಆಚೆ ನೆಲ್ಲಿಮರದ ಮೇಲಿದ್ದಳು. ಎಪ್ಪತ್ತರ ಹೆಂಗಸು ಸೀರೆ ಎತ್ತಿ ಕಟ್ಟಿ ಕವಲಿನಲ್ಲಿ ನಿಂತು ಕಾಯಿ ಉದುರಿಸುತ್ತಿದ್ದಳು.

"ಅತ್ತೇ, ಮರ ನಿದ್ದೆ ಮಾಡ್ತದ?"

ಮೇಲಿನಿಂದ ನಗು ಕೇಳಿಸಿತು. "ಗಾಜಿನ ಮನೇಲಿ ಕೂತು ಕೂತು ತಲೆ ಕೆಟ್ಟದೆ ನಿಂಗೆ. ಅಷ್ಟೆಲ್ಲ ಓದಿ ಇದ ಕೇಳಕ್ಕೆ ಬೆಟ್ಟ ಹತ್ತಿ ಬಂದ್ಯಾ ಅಮ್ಮಿ?"

"ಹೇಳತ್ತೆ, ತಮಾಷೆ ಅಲ್ಲ."

"ಮಾಡ್ದೆ ಇದ್ದದ? ಹೊತ್ತು ಮುಳುಗ್ದ ಮ್ಯಾಕೆ ನೆಲ್ಲಿ ಮುಟ್ಬಾರ್ದು ಅಂತ ನಿಮ್ಮವ್ವ ಕಲ್ಸಿಲ್ವಾ? ಎಲೆ ಮಡಿಕಂಡು ಮಲಗಿರ್ತದೆ. ಹಗಲೆಲ್ಲ ದುಡ್ದದೆ, ಬುಡು ಅದ."

"ಮತ್ತೆ ರಾತ್ರಿನೂ ನೀರು ಕುಡಿಯೋ ನೆಲ್ಲಿ ಇದ್ರೆ?"

ಕುಂಬಮ್ಮ ಕತ್ತಿ ಬೀಸಿದಳು. ಟೊಂಗೆಯೊಂದು ಮಸಣಿಯ ಕಾಲಬುಡಕ್ಕೆ ಬಿತ್ತು. ನೆಲ್ಲಿಯದು ಗರಿಯಂತೆ ಸಣ್ಣ ಸಣ್ಣ ಎಲೆ. ಈ ಟೊಂಗೆಗೆ ಅಂಟಿ ಬೆಳೆದಿದ್ದ ಕುಚ್ಚಿನ ಎಲೆಗಳು ದಪ್ಪ, ಅಗಲ, ತೊಗಲಿನ ಹಾಗೆ. ಉಪ್ಪಿಲು. ಬಯಲಿನವರು ಬದನಿಕೆ ಎನ್ನುವ ಗಿಡ. ಹಕ್ಕಿಯ ಹಿಕ್ಕೆಯಲ್ಲಿ ಬಂದು ಟೊಂಗೆಗೆ ಅಂಟಿ ಮರದ ತೊಗಟೆಯೊಳಗೆ ಬಾಯಿ ಇಳಿಸುತ್ತದೆ.

"ಅದು ನೆಲ್ಲಿ ಅಲ್ಲ ಕಣಮ್ಮಿ, ಇವ್ನು," ಎಂದಳು ಇಳಿಯುತ್ತ. "ಇವ್ನಿಗೆ ನಿದ್ದೆ ಇಲ್ಲ. ಬೇರು ಬುಟ್ಟು ನೀರು ಹುಡುಕೋ ಕಷ್ಟ ಇದ್ರೆ ತಾನೆ ದಣಿವು, ನಿದ್ದೆ? ಇವ್ನು ಬೇರೆಯೋರ ನೀರು ಕುಡಿಯೋನು, ಹಗಲಾದ್ರೇನು, ಇರುಳಾದ್ರೇನು. ಕಾಯಿ ಕೀಳಕ್ಕೆ ಹತ್ತಿದಾಗೆಲ್ಲ ಕಡ್ದು ಹಾಕ್ಬೇಕು. ಮೊದ್ಲು ತರಗು ಬೆಂಕಿನೂ ಇತ್ತು, ಚಳಿ ಬುಡೋಕ್ಕೆ ಮುಂಚೆ ಒಣ ಎಲೆಗೆ ಮೊಣಕಾಲೆತ್ತರದ ಬೆಂಕಿ ಕೊಟ್ರೆ ಮರಿ ಉಪ್ಪಿಲೆಲ್ಲ ಬೆಂದು ಹೋಗೋದು. ಬೆಂಕಿ ಹಾಕಿದ್ರೆ ಜೈಲು ಅಂದ್ರು. ಈಗ ಕತ್ತಿ ಒಂದೇ."

ಮಸಣಿ ಆ ಟೊಂಗೆಯನ್ನು ಕೈಯಲ್ಲಿ ಹಿಡಿದು ನಿಂತೇ ಇದ್ದಳು. ಹದಿನೆಂಟು ವರ್ಷದಿಂದ ಮೂಡಲ ಮಗ್ಗುಲಲ್ಲಿ ಕಾಯಿ ಕೀಳಲು ಯಾರೂ ಹತ್ತಿಲ್ಲ. ಕತ್ತಿ ಯಾರೂ ಬೀಸಿಲ್ಲ.

"ಅತ್ತೆ, ಆಚೆ ಮಗ್ಗುಲಲ್ಲಿರೋ ಹಸಿರೆಲ್ಲ..."

"ಏನಾಗ್ಯದೆ ಆಚೆ?"

"ಏನಿಲ್ಲ. ಗುರುವಾರ ನೀನು ಕೆಳಗೆ ಬರ್ಬೇಕು. ಸಮಿತಿ ಮುಂದೆ ಮಾತಾಡ್ಬೇಕು."

"ನಾನು ಮಾತಾಡಿದ್ರೆ ಅವ್ರು ಕೇಳಾರಾ?"

"ನೀನು ಮಾತಾಡು. ನಾನು ತೋರಿಸ್ತೀನಿ."

ಸೋಮವಾರ ಅವಳು ಪ್ರಹ್ಲಾದನಿಗೆ ಗಂಟೆಯ ಗೆರೆಗಳನ್ನು ತೋರಿಸಿ, ಅತ್ತೆ ಹೇಳಿದ್ದನ್ನೂ ಹೇಳಿದಳು. ಅವನು ನೋಡಿದ. ಬುದ್ಧಿವಂತ, ಅವನಿಗೆ ಬೇಗ ಅರ್ಥವಾಯಿತು. ಅರ್ಥವಾದದ್ದು ಅವನ ಮುಖದಲ್ಲಿ ಬಂದು, ಅಲ್ಲೇ ಆರಿಹೋದದ್ದನ್ನು ಅವಳು ನೋಡಿದಳು.

"ಚೈತನ್ಯಾಂಕದ ಸೂತ್ರ ಪ್ರಮಾಣೀಕೃತ ಮಸಣಿ. ಅದರ ಮೇಲೆ ಮುನ್ನೂರು ಕಾರ್ಖಾನೆ ನಿಂತಿವೆ. ಒಂದು ಅಜ್ಜಿ ಹೇಳಿದ್ದಕ್ಕೆ ಬದಲಾಯಿಸೋಕೆ ಆಗುತ್ತಾ?"

"ಅಜ್ಜಿ ಹೇಳಿದ್ದಲ್ಲ ಸಾರ್. ನಿಮ್ಮ ಸೂಜಿ ಹೇಳ್ತಿರೋದು."

"ನಿನ್ನ ಕೆಲಸ ಅಳೆಯೋದು. ಗುರುವಾರ ಎರಡು ಗೆರೆ. ಮೂರನೇದು ತೋರಿಸಿದ್ರೆ ಶುಕ್ರವಾರ ಬರಬೇಡ."

ಕಾಲೊನಿಯಲ್ಲಿ ಅವ್ವ ರಾಗಿ ಬೀಸುತ್ತಿದ್ದಳು. ಮಸಣಿ ಎಲ್ಲ ಹೇಳಿದಳು. ರಂಗಿ ಬೀಸುಕಲ್ಲು ನಿಲ್ಲಿಸಲಿಲ್ಲ. "ಶುಕ್ರವಾರ ಹೋಗ್ದೆ ಇದ್ರೆ ಮನೇಲಿರು. ಈ ತಗಡಿನ ಕೆಳಗೆ ಹದ್ನೆಂಟು ಬ್ಯಾಸಗೆ ಬೆಂದಿವ್ನಿ, ಸಂಬ್ಳ ಇಲ್ದೆ ಸತ್ತೋಯ್ತೀವಾ?" ಎಂದಳು. ಆಮೇಲೆ ಕೈ ತಡೆದು ಕೇಳಿದಳು, "ನಮ್ಮ ನೆಲ್ಲಿಗಳಿಗೆಲ್ಲ ಉಪ್ಪಿಲು ಹತ್ಕಂಡದಾ ಅಮ್ಮಿ?"

ಮಸಣಿ ಹೌದೆಂದು ತಲೆಯಾಡಿಸಿದಳು. ಮನೆ ಹೋದಾಗ ಅಳದಿದ್ದ ಹೆಂಗಸು ಆಗ ಸೆರಗು ಬಾಯಿಗೊತ್ತಿಕೊಂಡಳು.

ಗುರುವಾರ ನಿಯಂತ್ರಣ ಕೊಠಡಿಯಲ್ಲೇ ವಿಚಾರಣೆ. ಸಮಿತಿಯ ಅಧ್ಯಕ್ಷೆ ಡಾ. ಶಕೀಲಾ ನದಾಫ್, ಸಸ್ಯಶಾಸ್ತ್ರದ ನಿವೃತ್ತ ಪ್ರಾಧ್ಯಾಪಕಿ. ಜೊತೆಗೆ ಇಬ್ಬರು ಅಧಿಕಾರಿಗಳು. ಅವರು ಬೆನ್ನು ಹಾಕಿ ಕೂತಿದ್ದ ಗೋಡೆಯ ಮೇಲೆ ಕಂಪನಿಯ ಹೆಮ್ಮೆಯ ಚಿತ್ರ, ಡ್ರೋನಿನಿಂದ ತೆಗೆದ ಆಳೆತ್ತರದ ಫೋಟೊ. ಮೂಡಲ ಮಗ್ಗುಲಿನ ನೂರಾ ಹದಿನೇಳನೇ ಮರ. ಬೆಟ್ಟದಲ್ಲೇ ಹೆಚ್ಚು ಅಂಕ ಅದರದು, ತೊಂಬತ್ನಾಲ್ಕು. ಕಂಪನಿಯ ಕ್ಯಾಲೆಂಡರಿನಲ್ಲೂ ಅದೇ ಮರ.

ಪ್ರಹ್ಲಾದ ಎರಡು ಗೆರೆ ತೋರಿಸಿ ಕೂತ. ಮಸಣಿ ಎದ್ದು ಮೂರನೆಯದನ್ನು ತೋರಿಸಿದಳು. ಮರದ ರಾತ್ರಿ, ಉಪ್ಪಿಲಿನ ರಾತ್ರಿ, ಎರಡನ್ನೂ ಒಂದೇ ಮೊತ್ತದಲ್ಲಿ ಕೂಡಿಸಿದ್ದು, ಎಲ್ಲ ಹೇಳಿದಳು.

"ಇದು ಊಹೆ," ಎಂದ ಪ್ರಹ್ಲಾದ. "ಮೂಡಲ ಮಗ್ಗುಲಲ್ಲಿ ಬದನಿಕೆ ಇದೆ ಅನ್ನೋದಕ್ಕೆ ಒಂದೂ ದಾಖಲೆ ಇಲ್ಲ. ಡ್ರೋನು ವಾರಕ್ಕೊಮ್ಮೆ ಹಾರುತ್ತೆ. ಹಸಿರು ಪ್ರತಿ ಸಲ ಹೆಚ್ಚೇ ಇದೆ."

ಡಾ. ನದಾಫ್ ಕನ್ನಡಕ ತೆಗೆದು ಒರೆಸಿದರು. "ಗೆರೆ ಕುತೂಹಲಕಾರಿಯಾಗಿದೆ. ಆದರೆ ಒಂದು ಗೆರೆಯ ಮೇಲೆ ನಾನು ತೀರ್ಮಾನ ಕೊಡುವುದಕ್ಕೆ ಬರುವುದಿಲ್ಲಮ್ಮ. ಪೋಡಿನ ಕಡೆಯಿಂದ ಯಾರಾದರೂ ಹೇಳುವುದಿದೆಯೇ?"

ಕುಂಬಮ್ಮ ಅಷ್ಟು ಹೊತ್ತೂ ಅವರ ತಲೆಯ ಮೇಲಿನ ಫೋಟೊವನ್ನೇ ನೋಡುತ್ತಿದ್ದಳು. ಎದ್ದು ಅದರ ಹತ್ತಿರ ಹೋದಳು. ಇನ್ನೂ ಹತ್ತಿರ ಹೋದಳು, ಮೂಗು ತಾಗುವಷ್ಟು. ಆಮೇಲೆ ಗಟ್ಟಿಯಾಗಿ ನಗತೊಡಗಿದಳು. ಅಧಿಕಾರಿಗಳು ಮುಖ ಮುಖ ನೋಡಿಕೊಂಡರು.

"ಇದ್ಯಾವ ಮರ ಅಂತ ಬರ್ದಿದ್ದೀರಿ ಸ್ವಾಮಿ?"

"ನೆಲ್ಲಿ," ಎಂದ ಪ್ರಹ್ಲಾದ. "ಬೆಟ್ಟದ ಅತಿ ಆರೋಗ್ಯವಂತ ನೆಲ್ಲಿ."

"ಇದ್ರಾಗೆ ನೆಲ್ಲಿ ಎಲೆ ಒಂದು ತೋರ್ಸಪ್ಪ. ಒಂದೇ ಒಂದು. ನಾನು ಈಗ್ಲೇ ಪೋಡು ಬುಟ್ಟು ಲಾರಿ ಹತ್ತೀನಿ."

ಡಾ. ನದಾಫ್ ತಿರುಗಿ ನೋಡಿದರು. ಕನ್ನಡಕ ಹಾಕಿಕೊಂಡು ಮತ್ತೆ ನೋಡಿದರು. ನಲವತ್ತು ವರ್ಷ ಸಸ್ಯಶಾಸ್ತ್ರ ಕಲಿಸಿದವರು ಬೆಳಗಿನಿಂದ ಆ ಎಲೆಗಳಿಗೆ ಬೆನ್ನು ಹಾಕಿ ಕೂತಿದ್ದರು. ಮಸಣಿಯೂ ಎಂಟು ವರ್ಷ ಅದೇ ಕೊಠಡಿಯಲ್ಲಿ ಕೂತು ಚುಕ್ಕೆಗಳನ್ನಷ್ಟೇ ನೋಡಿದ್ದಳು.

"ನೆರಳಿನಲ್ಲಿ ಎಲೆ ದಪ್ಪ ಕಾಣಬಹುದು," ಎಂದ ಪ್ರಹ್ಲಾದ, ಕ್ಷೀಣವಾಗಿ. "ಅಥವಾ ಎಲೆ ಉದುರುವ ಕಾಲ..."

"ಜೀಪು ತೆಗೆಸಿ," ಎಂದರು ಡಾ. ನದಾಫ್.

"ಮೇಡಂ, ಮೂಡಲ ಮಗ್ಗುಲಿಗೆ ಈ ಜನಕ್ಕೆ ಪ್ರವೇಶ ಇಲ್ಲ."

"ದಾರಿ ನಿಮಗೆ ಗೊತ್ತಿದೆಯೇ?"

ಅವನಿಗೆ ಗೊತ್ತಿರಲಿಲ್ಲ. ಎಂಟು ವರ್ಷ ಆ ಮಗ್ಗುಲಿನ ಒಂದೊಂದು ಗಂಟೆಯನ್ನೂ ಮಾರಿದವನು ಅಲ್ಲಿಗೆ ಒಮ್ಮೆಯೂ ಹೋಗಿರಲಿಲ್ಲ.

ಜೀಪು ಹಳ್ಳದವರೆಗೆ ಹೋಯಿತು. ಅಲ್ಲಿಂದ ಕಾಲುದಾರಿ, ಅಂದರೆ ಒಂದು ಕಾಲದಲ್ಲಿ ದಾರಿಯಾಗಿದ್ದದ್ದು. ಎರಡಾಳೆತ್ತರದ ಲಂಟಾನದ ಮುಳ್ಳುಪೊದೆ ಅದನ್ನು ಮುಚ್ಚಿಕೊಂಡಿತ್ತು. ಕುಂಬಮ್ಮ ಮುಂದೆ ಕತ್ತಿ ಬೀಸುತ್ತ, ಮಸಣಿ ಹಿಂದೆ ಮುಳ್ಳು ಸರಿಸುತ್ತ, ನಡುವೆ ಸಮಿತಿ. ಒಬ್ಬ ಅಧಿಕಾರಿಯ ಬೂಟು ಕೆಸರಿನಲ್ಲಿ ಉಳಿಯಿತು. "ಬುಡಿ, ಹಿಂದ್ಕೆ ಬರೋವಾಗ ಅಲ್ಲೇ ಇರ್ತದೆ, ಇಲ್ಲಿ ಕದಿಯಕ್ಕೆ ಜನ ಎಲ್ಲವ್ರೆ? ನೀವೇ ಖಾಲಿ ಮಾಡ್ಸಿದ್ದೀರಲ್ಲ," ಎಂದಳು ಕುಂಬಮ್ಮ.

ಜೇನುಬಾರೆ ಪೋಡಿದ್ದ ಜಾಗದಲ್ಲಿ ಒಲೆಯ ಕಲ್ಲುಗಳು ಮಾತ್ರ ಉಳಿದಿದ್ದವು. ಎಂಟು ವರ್ಷ ಪರದೆಯ ಮೇಲೆ ನಕ್ಷೆಯಾಗಿ ಕಂಡದ್ದು ಈಗ ಮಸಣಿಯ ಕಾಲಡಿ ಇತ್ತು. ಕಾಲು ತಾನಾಗಿ ನಿಧಾನವಾಯಿತು, ಆದರೆ ಅವಳು ನಿಲ್ಲಲಿಲ್ಲ. ಇಂದು ಅಳಲು ಬಂದಿರಲಿಲ್ಲ.

ನೂರಾ ಹದಿನೇಳನೇ ಮರ ಬಂಡೆಯ ಪಕ್ಕದಲ್ಲಿತ್ತು. ಮೇಲಿನಿಂದ ಹಸಿರು ಕೊಡೆಯಂತೆ ಕಂಡದ್ದನ್ನು ಕೆಳಗಿನಿಂದ ನೋಡಿದಾಗ ಯಾರೂ ಏನೂ ಹೇಳಬೇಕಾಗಲಿಲ್ಲ. ಟೊಂಗೆಯ ತುದಿಗಳೆಲ್ಲ ಒಣಗಿ ಬೆಳ್ಳಗಾಗಿದ್ದವು. ತೊಗಟೆ ಸುಲಿದುಹೋಗಿತ್ತು. ಗಂಟುಗಂಟಾದ ಕೊಂಬೆಗಳ ಮೇಲೆ ಉಪ್ಪಿಲು ಕುಚ್ಚುಕುಚ್ಚಾಗಿ ಕೊಬ್ಬಿ ಹೊಳೆಯುತ್ತಿತ್ತು. ಇಡೀ ಮರದಲ್ಲಿ ಮರದ್ದೆನ್ನುವ ಒಂದು ಎಲೆ ಇರಲಿಲ್ಲ. ಒಂದು ಕಾಯಿ ಇರಲಿಲ್ಲ. ಕಾಂಡದಲ್ಲಿ ಎರಡು ಸೂಜಿ ಮಿನುಗುತ್ತ, ಸಾಯುತ್ತಿರುವ ಮರಕ್ಕೆ ತೊಂಬತ್ನಾಲ್ಕು ಅಂಕ ಕೊಡುತ್ತಿದ್ದವು.

ಕುಂಬಮ್ಮ ಮಡಿಲಿನಿಂದ ಪಡುವಣ ಮಗ್ಗುಲಿನ ನೆಲ್ಲಿ ಟೊಂಗೆಯೊಂದನ್ನು ತೆಗೆದು ಡಾ. ನದಾಫರ ಕೈಗೆ ಕೊಟ್ಟಳು. ಗರಿ ಎಲೆ, ಹತ್ತಾರು ಕಾಯಿ. "ಇದಕ್ಕೆ ನಿಮ್ಮ ಮಿಷನ್ನು ಮೂವತ್ತೊಂದು ಕೊಟ್ಟದೆ ಅಂತ ನಮ್ಮಮ್ಮಿ ಹೇಳದ್ಲು. ತಿನ್ನಿ, ಒಗರು ಹೋದ್ ಮ್ಯಾಕೆ ಸಿಹಿ ಬತ್ತದೆ."

ಡಾ. ನದಾಫ್ ಒಂದು ಕಾಯಿ ಬಾಯಿಗೆ ಹಾಕಿಕೊಂಡರು. ಬಹಳ ಹೊತ್ತು ಅಗಿದರು. "ಆ ಸೂತ್ರವನ್ನು ಪರಿಶೀಲಿಸಿದ ಐವರಲ್ಲಿ ನಾನೂ ಒಬ್ಬಳು," ಎಂದರು ಕೊನೆಗೆ. ಯಾರನ್ನೂ ನೋಡಲಿಲ್ಲ. "ಮರ ನೋಡಿರಲಿಲ್ಲ. ಅಂಕಿ ನೋಡಿದ್ದೆ."

ಪ್ರಹ್ಲಾದ ಚೇತರಿಸಿಕೊಂಡ. ಅಂಥವರು ಬೇಗ ಚೇತರಿಸಿಕೊಳ್ಳುತ್ತಾರೆ. "ಇದಕ್ಕೆ ಪರಿಹಾರ ಇದೆ ಮೇಡಂ. ಬದನಿಕೆ ಕತ್ತರಿಸೋ ಗುತ್ತಿಗೆ ಇವರಿಗೇ ಕೊಡೋಣ. ಸಮವಸ್ತ್ರ, ಗುರುತಿನ ಚೀಟಿ, ಒಳ್ಳೆ ಕೂಲಿ. ಕೆಳಗಿನ ಕಾಲೊನಿಯಿಂದ ಬೆಳಿಗ್ಗೆ ಬಸ್ಸಲ್ಲಿ ಕರ್ಕೊಂಡು ಬಂದು ಸಂಜೆ ಇಳಿಸ್ತೀವಿ. ಅಭಿವೃದ್ಧಿ ಅಂದ್ರೆ ಇದೇ ಅಲ್ವಾ, ಕುಂಬಮ್ಮ?"

"ನಿನ್ ಮನೆ ಕಸ ಗುಡ್ಸಕ್ಕೆ ನಿಂಗೆ ಯಾರಾದ್ರೂ ಸಂಬ್ಳ ಕೊಡ್ತಾರಾ ಮಗ?"

"ಅದು ಬೇರೆ..."

"ಬೇರೆ ಅಲ್ಲ. ಕೂಲಿಗೆ ಬಂದೋನು ಕತ್ತಲಾಗೋದ ಕಾಯ್ತಾನೆ. ಉಪ್ಪಿಲು ಮೊಳಕೆ ಕಡ್ಡಿ ಗಾತ್ರ ಇದ್ದಾಗ ಕಾಣೋದು ಯಾರ್ಗೆ? ದಿನಾ ಅದೇ ಮರದ ಕೆಳಗೆ ನಡೆಯೋರ್ಗೆ. ಮರ ನೋಡ್ಕಬೇಕಾದ್ರೆ ಮರದ ಪಕ್ಕ ಒಲೆ ಹೂಡ್ಬೇಕು." ಅವಳು ಅಧ್ಯಕ್ಷೆಯ ಕಡೆ ತಿರುಗಿದಳು. ದನಿ ಏರಿಸಲಿಲ್ಲ. "ನಮ್ಮನ್ನ ಇಲ್ಲಿ ಇರ್ಸಿದ್ರೆ ಅದು ನೀವು ಮಾಡೋ ಉಪಕಾರ ಅಲ್ಲ ಕಣವ್ವ. ನೇರಳೆಕಾನೆ ನಾವು ಬುಡಾಕಿಲ್ಲ. ಅಷ್ಟೇ ಅಲ್ಲ, ಈ ಅರವತ್ತು ಮನೆ ವಾಪಸ್ ಬರ್ಬೇಕು. ತರಗು ಬೆಂಕಿಗೆ ಜೈಲು ಅನ್ನೋದು ಹೋಗ್ಬೇಕು. ಬರ್ಕೊಳಿ."

ಡಾ. ನದಾಫ್ ಬಂಡೆಯ ಮೇಲೆ ಕೂತು ಬರೆಯತೊಡಗಿದರು. "ಪ್ರಾಯೋಗಿಕವಾಗಿ ಒಂದು ವರ್ಷದ ಅವಧಿಗೆ..." ಎಂದು ಓದಿ ಹೇಳಿದರು.

"ಒಂದು ವರ್ಸ ಅಂತ ಬರೀಬ್ಯಾಡಿ," ಎಂದಳು ಕುಂಬಮ್ಮ. "ನಮ್ಮನ್ನ ಇಳ್ಸೋವಾಗ ಒಂದು ವರ್ಸ ಅಂದಿದ್ರಾ?"

ಪೆನ್ನು ಕಾಗದದ ಮೇಲೆ ನಿಂತಿತು. ಅಧಿಕಾರಿಯೊಬ್ಬ ಏನೋ ಹೇಳಲು ಬಾಯಿ ತೆರೆದ. ಡಾ. ನದಾಫ್ ಆ ಸಾಲನ್ನು ಹೊಡೆದುಹಾಕಿದರು, ಪಕ್ಕದಲ್ಲಿ ಸಹಿ ಹಾಕಿದರು. ಇನ್ನೊಂದು ಸಾಲು ಸೇರಿಸಿದರು: ಸೂಜಿಗಳ ಉಸ್ತುವಾರಿ ಇನ್ನು ಮುಂದೆ ಮಸಣಿಯದು, ಅವಳು ವರದಿ ಕೊಡುವುದು ಕಂಪನಿಗಲ್ಲ, ಸಮಿತಿಗೆ.

ಜನವರಿಯಲ್ಲಿ ಕಾಲೊನಿಯ ಅರವತ್ತು ಮನೆಗಳಲ್ಲಿ ನಲವತ್ತೆಂಟು ಮೇಲೆ ಹತ್ತಿದವು. ಉಳಿದವರು ಮಕ್ಕಳ ಶಾಲೆ, ಬಯಲಿನ ಕೆಲಸ ಎಂದು ಆಮೇಲೆ ನೋಡೋಣ ಎಂದರು, ಅದು ಅವರಿಷ್ಟ. ಲಾರಿ ಕೊಡುತ್ತೇವೆ ಎಂದು ಇಲಾಖೆ ಹೇಳಿತ್ತು. ಬೇಡ ಎಂದರು. ಪಾತ್ರೆ, ಕಂಬಳಿ, ಕೋಳಿ, ಕತ್ತಿ ಹೊತ್ತುಕೊಂಡು ನಡೆದರು. ರಂಗಿ ಬೀಸುಕಲ್ಲನ್ನು ತಲೆಯ ಮೇಲಿಟ್ಟುಕೊಂಡು ಎಲ್ಲರಿಗಿಂತ ಮುಂದೆ ನಡೆದಳು. ಮಸಣಿ ಅದನ್ನು ತಾನು ಹೊರುತ್ತೇನೆ ಎಂದಾಗ ಬೈದು ಕಳಿಸಿದಳು, "ನೀನು ಹೋಗಿ ನಿನ್ ಚುಕ್ಕೆ ನೋಡ್ಕೊ."

ಹದಿನೈದು ದಿನ ಕತ್ತಿಗಳು ಬಿಡುವಿಲ್ಲದೆ ಆಡಿದವು. ಸೂತ್ರ ಬದಲಾಯಿಸುವ ಕಡತ ರಾಜಧಾನಿಯಲ್ಲಿ ಮೇಜಿನಿಂದ ಮೇಜಿಗೆ ಓಡಾಡುತ್ತಿತ್ತು, ಯಂತ್ರ ಮಾತ್ರ ಹಳೆಯ ಲೆಕ್ಕವನ್ನೇ ಮಾಡುತ್ತಿತ್ತು. ಹಾಗಾಗಿ ಒಂದು ಬೆಳಿಗ್ಗೆ ಮಸಣಿ ಕೊಠಡಿಗೆ ಬಂದಾಗ ಮೂಡಲ ಮಗ್ಗುಲು ಉದ್ದಕ್ಕೂ ಕೆಂಪಾಗಿತ್ತು. ಅವಳು ಗಂಟೆಯ ಗೆರೆಗಳನ್ನು ತೆರೆದಳು. ಇನ್ನೂರ ಆರು ಮರಗಳ ಗೆರೆ ಸಂಜೆ ಆರೂವರೆಗೆ ಇಳಿದು, ಬೆಳಗಿನವರೆಗೆ ನೆಲಕ್ಕಂಟಿ ಮಲಗಿತ್ತು. ನೂರಾ ಹದಿನೇಳರದ್ದು ಚೂರುಪಾರು ತೆವಳುತ್ತಿತ್ತು, ಅದು ಬದುಕುವುದೋ ಇಲ್ಲವೋ ಇನ್ನೂ ತಿಳಿಯದು. ಉಳಿದವು ಸೂಜಿ ಚುಚ್ಚಿದ ಎಂಟು ವರ್ಷದಲ್ಲಿ ಮೊದಲ ಬಾರಿಗೆ ಇಡೀ ರಾತ್ರಿ ನಿದ್ದೆ ಮಾಡಿದ್ದವು.

ಫೋನು ಹೊಡೆದುಕೊಂಡಿತು. ರಾಜಧಾನಿಯ ಪರವಾನಗಿ ಕಚೇರಿ. ಆ ಕಡೆಯ ದನಿ ಏದುಸಿರು ಬಿಡುತ್ತಿತ್ತು.

"ಹೊನ್ನೆಕಲ್ಲಾ? ಏನ್ರೀ ಆಗ್ತಿದೆ ಅಲ್ಲಿ? ಇಡೀ ಬೆಟ್ಟ ಕೆಂಪು ತೋರಿಸ್ತಿದೆ! ಮಧ್ಯಾಹ್ನದೊಳಗೆ ಹನ್ನೆರಡು ಚಿಮಣಿ ನಿಲ್ಲಿಸಬೇಕಾಗುತ್ತೆ. ಕಾಳ್ಗಿಚ್ಚಾ? ರೋಗಾನಾ? ಕಾರಣ ಕಾಲಂನಲ್ಲಿ ಏನು ಬರೀಲಿ?"

ಮಸಣಿ ಕುರ್ಚಿಗೆ ಬೆನ್ನು ಕೊಟ್ಟು ಕೂತಳು.

"ಬರ್ಕೊಳಿ ಸ್ವಾಮಿ," ಎಂದಳು. "ನಮ್ಮವ್ವ ಮನೇಗೆ ಬಂದವ್ಳೆ."